ಅಡ್ಡ ನಡೆ

ಯಾದಗಿರಿ ಡಿಪೋದ ಹಿಂದೆ, ಹಳೇ ಟೈರುಗಳ ಪಕ್ಕ
ಶಹಾಬಾದ್ ಪರಸಿಯ ಒಂದೇ ಸಾಲು.
ನೈಹಾಂಚಿ ಅದರ ಮೇಲೇ. ಮುಂದಿಲ್ಲ, ಹಿಂದಿಲ್ಲ,
ಬಲಕ್ಕೆ ಮೂರು ಕಲ್ಲು, ಎಡಕ್ಕೆ ಮೂರು.

ಕಂಡಕ್ಟರ್ ದೇವಿಂದ್ರಪ್ಪ ಸರ್
ಖಾಕಿ ಅಂಗಿ ಮೊಳೆಗೆ ಹಾಕಿ ಬಂದು ನಿಲ್ಲುತ್ತಿದ್ದರು.
"ಕುದುರಿ ಮ್ಯಾಲ ಕುಂತಂಗ ಕುಂದ್ರು. ಕುದುರಿ ಇಲ್ಲ, ಅಷ್ಟೇ.
ತೊಡಿ ನಡುಗ್ತದೇನು? ನಡುಗ್ಲಿ ಬಿಡು,
ತೊಡಿ ಅದ ಅಂತರ ಗೊತ್ತಾತಲ್ಲ."

ಯಾಕ್ರಿ ಸರ್, ಇದು ಬರೇ ಅಡ್ಡಡ್ಡ?
"ಒಬ್ಬೊಬ್ರು ಒಂದೊಂದು ಹೇಳ್ತಾರ.
ಬೆನ್ನಿಗಿ ಗೋಡಿ ಇತ್ತಂತ.
ಇಲ್ಲ, ಗದ್ದಿ ಬದುವಿನ ಮ್ಯಾಲ ಬಡದಾಡಿದ್ರಂತ.
ಇಲ್ಲ, ದೋಣ್ಯಾಗ.
ಚೀನಾದಿಂದ ಒಕಿನಾವಾಕ್ಕ ಯಾರೋ ತಂದ್ರು,
ತಂದವನ ಹೆಸರು ದಾರ್ಯಾಗ ಬಿತ್ತು.
ಊರು ಮುಟ್ಟಿದ ಮ್ಯಾಲ ಟಿಕೇಟು ಯಾರು ಕಾಯ್ದಿಡ್ತಾರ?"

ಅಂಗೈ ಮೇಲೆ ಅಂಗೈ, ಹೊಕ್ಕುಳ ಕೆಳಗೆ.
ಮಲಗಿದವರನ್ನು ದಾಟುವ ಹಾಗೆ
ಒಂದು ಕಾಲು ಇನ್ನೊಂದನ್ನು ದಾಟುತ್ತದೆ.
ಕತ್ತು ಮೊದಲು ಹೊರಳಬೇಕು, ಕೈ ಆಮೇಲೆ.
ಬಲಗೈ ಬೆನ್ನು ಗಾಳಿಯಲ್ಲಿ ಯಾರದೋ ತಲೆ ಹುಡುಕಿ ಹಿಡಿಯುತ್ತದೆ,
ಹಿಡಿದಲ್ಲಿಗೇ ಎಡ ಮೊಣಕೈ ಬಂದು ಬೀಳುತ್ತದೆ,
ಠಪ್.

ಆಮೇಲೆ ಆ ಒದೆ: ಅಂಗಾಲು ತೊಡೆಯತ್ತ ಚಿಮ್ಮಿ
ಎತ್ತಿದ ಕಲ್ಲಿಗೇ ಇಳಿಯಬೇಕು. ನೆತ್ತಿ ಒಂದು ನೂಲೂ ಏಳಬಾರದು.
ಅದಕ್ಕೆ ಮರಳುವ ಅಲೆ ಎಂದು ಹೆಸರು.
"ಸಮುದ್ರ ನೋಡಿದವರು ಕೈ ಎತ್ರಿ."
ಯಾರೂ ಎತ್ತಲಿಲ್ಲ. ಅವರದೂ ಸೊಂಟದ ಮೇಲೇ ಇತ್ತು.
ಭಾನುವಾರ ಭೀಮಾ ಸೇತುವೆಗೆ ಕರೆದೊಯ್ದು
ಕಂಬಕ್ಕೆ ಬಡಿದು ಹಿಂಜರಿಯುವ ನೀರು ತೋರಿಸಿದರು,
ಸಂಜೆ ತನಕ, ಶೇಂಗಾ ತಿನ್ನುತ್ತ.

ಒಮ್ಮೆ ಶಹಾಪುರದ ಬಸ್ಸು. ಉಸಿರಿಗೂ ಜಾಗವಿಲ್ಲ.
ಮಂದಿ ನಡುವೆ ಸರ್ ಅಡ್ಡಡ್ಡ ಸರಿದು ಬರುತ್ತಿದ್ದರು,
ಮೊಣಕಾಲು ಸಡಿಲ, ಕಾಲಿಗೆ ಕಾಲು ದಾಟಿಸುತ್ತ.
ದೋರನಹಳ್ಳಿಯ ಹಂಪು. ಬ್ರೇಕು.
ಎಲ್ಲರೂ ಎಲ್ಲರ ಮೇಲೆ.
ತಾಯ ಬಗಲಿಂದ ಜಾರಿದ ಕೂಸು ಕಬ್ಬಿಣದ ಕಂಬಕ್ಕೆ ಹೋಗುವಷ್ಟರಲ್ಲಿ
ಬಲಗೈ ಬೆನ್ನು ಗಾಳಿಯಲ್ಲಿ ಹೋಗಿ
ಆ ತಲೆಯನ್ನು ಹಿಡಿದಿತ್ತು.
ನಾನು ಮೊಣಕೈ ನೋಡಿದೆ.
ಅದು ಚೀಲದ ಮೇಲೆ ಸುಮ್ಮನಿತ್ತು.
"ಯವ್ವಾ, ಎಲ್ಲಿಗಿ? ಚಿಲ್ರಿ ತೆಗಿ."

ಈಗ ನನ್ನ ಹುಡುಗಿಯರು ಕೇಳುತ್ತಾರೆ, ಎಲ್ಲಿಂದ ಬಂತ್ರಿ ಇದು?
ಗೋಡೆ ಎನ್ನುತ್ತೇನೆ, ಬದು, ದೋಣಿ.
ಬಸ್ಸಿನ ಮಾತು ಬಾಯಿಗೆ ಬಂದು ನಿಲ್ಲುತ್ತದೆ.
ಎಡಕ್ಕೆ ಮೂರನೇ ಕಲ್ಲು ಅಲುಗುತ್ತದೆ,
ಅದನ್ನಷ್ಟು ಮೊದಲೇ ಹೇಳಿಬಿಡುತ್ತೇನೆ.