ತೊಂಬತ್ತು ಸೆಕೆಂಡು

ವಾಲ್ಡಿವಿಯಾ ನಗರಸಭೆಯ ನೆಲಮಾಳಿಗೆಯಲ್ಲಿ
ಶನಿವಾರ ರಾತ್ರಿ ಹನ್ನೊಂದಕ್ಕೆ
ಊರಿನ ನಕ್ಷೆಯನ್ನು ಮಲಗಿಸಿದಳು ಎಲಿಯಾನಾ ವೆಂಚುಮಾನ್.
ಕೊಳವೆ, ಚರಂಡಿ, ಅಗ್ನಿಶಾಮಕದವರ ನಲ್ಲಿ,
ಹೊಳೆ ಉಕ್ಕಿದರೆ ಹತ್ತಬೇಕಾದ ದಿಣ್ಣೆಗಳು,
ಪದರ ಪದರವಾಗಿ ಕಣ್ಣು ಮುಚ್ಚಿದವು.

ಇಷ್ಟು ವರ್ಷ ಸರ್ವರುಗಳನ್ನು ಎಬ್ಬಿಸುತ್ತಿದ್ದುದು
ರೆಮಿಹಿಯೊ ಬರೆದಿಟ್ಟ ಪಾಕಪಟ್ಟಿ:
ಮೊದಲು ಇದು, ಆಮೇಲೆ ಅದು, ಉರಿ ಸಣ್ಣಗಿರಲಿ.
ಹೊಸ ಆವೃತ್ತಿಗೆ ಆ ಭಾಷೆ ಒಗ್ಗದು.
ಹೊಸ ಉಪಕರಣಕ್ಕೋ ಹೆಜ್ಜೆ ಹೇಳುವ ಹಾಗಿಲ್ಲ;
ಸಾರು ಬಿಸಿಯಿರಬೇಕು, ಅನ್ನು ಸಾಕು,
ಮಿಕ್ಕಿದ್ದು ಅದರ ಪಾಡು.

ಎರಡು ತಿಂಗಳು ಕೂತು ಎಲ್ಲ ತಿರುಗಿಸಿ ಬರೆದಿದ್ದಳು,
ಒಂದು ಸಾಲು ಬಿಟ್ಟು:
‘ತೊಂಬತ್ತು ಸೆಕೆಂಡು ಕಾಯಿ.
ಯಾಕೋ ನನಗೂ ಗೊತ್ತಿಲ್ಲ. ತೆಗೆಯಬೇಡ. —ರೆ.’
ಮುದುಕನ ಮಡಿ, ಅಂದುಕೊಂಡಿದ್ದಳು.

ಒಂದು ಗಂಟೆಗೆ ಬಿತ್ತು. ಎರಡಕ್ಕೆ ಬಿತ್ತು.
ಮೂರಕ್ಕೆ, ಅದೇ ಜಾಗದಲ್ಲಿ, ಅದೇ ಕೆಂಪು ಅಕ್ಷರದಲ್ಲಿ.
ಯಾರೋ ಯಾರನ್ನೋ ಕೂಗುತ್ತಿದ್ದಾರೆ,
ಕೂಗಿಸಿಕೊಂಡವರು ಇನ್ನೂ ಮುಖ ತೊಳೆಯುತ್ತಿದ್ದಾರೆ.
ಲಾಗು ಹೆಸರು ಹೇಳದು.

ಫೋನ್ ಮಾಡಿ ಫಲವಿಲ್ಲ. ರೆಮಿಹಿಯೊಗೆ ಈಗ ಕಿವಿ ಕೇಳದು.
ಮೀನುಪೇಟೆಯಲ್ಲಿ ಸಿಕ್ಕರೆ
ದಡಕ್ಕೆ ಬಂದು ಬಿದ್ದುಕೊಂಡ ಕಡಲಸಿಂಹಗಳತ್ತ
ಕೈ ತೋರಿಸಿ ನಗುತ್ತಾನೆ, ಅಷ್ಟೆ.

ಹೆಜ್ಜೆ ಹೇಳಬಾರದ ಭಾಷೆಯೊಳಗೆ
ಒಂದು ಹೆಜ್ಜೆ ತುರುಕಿದಳು: ಕಾಯಿ.
ತಾನೂ ಕಾದಳು, ಆರಿದ ಚಹಾ ಹಿಡಿದು.
ಎಂಬತ್ತೊಂದು. ಎಂಬತ್ತೆರಡು.

ಪರದೆಯಲ್ಲಿ ಮೊದಲು ಒಂದು ನೀಲಿ ಗೆರೆ,
ಈ ಊರ ಹೊಳೆ, ಅದರ ಹೆಸರೇ ಕಾಯೆ-ಕಾಯೆ.
ಆಮೇಲೆ ಸೇತುವೆ, ಬೀದಿ,
ತನ್ನ ಮನೆಯೆದುರಿನ ನಲ್ಲಿ.

ಹಳೆಯ ಟಿಪ್ಪಣಿಯನ್ನು ಹಾಗೆಯೇ ಇಳಿಸಿಕೊಂಡು
ಕೊನೆಗೆ ಒಂದಕ್ಷರ ಸೇರಿಸಿದಳು:
‘ತೆಗೆಯಬೇಡ. —ರೆ., ಎ.’