ಹತ್ತು ಹೆಜ್ಜೆಗೊಮ್ಮೆ

ಒಂದು ಮೀಟರು ಬಿಳಿ ಫ್ಲಾನಲ್ ಬಟ್ಟೆ,
ಮುಂದಿನ ಅಂಚಿಗೆ ಬಿದಿರ ಗಳ, ಗಳಕ್ಕೆ ಹಗ್ಗ.
ಇಪ್ಪತ್ತೇಳು ವರ್ಷ ನಾನು ಎಳೆದದ್ದು ಇಷ್ಟೇ.
ಕಾನಿನ ಕಾಲುದಾರಿಯಲ್ಲಿ, ದರಗಿನ ಮೇಲೆ
ಹತ್ತು ಹೆಜ್ಜೆ. ನಿಲ್ಲು. ಬಟ್ಟೆ ಮಗುಚು.
ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ನಡೆದಾಡಿದರೆ
ಚಿಮಟದಲ್ಲಿ ಎತ್ತು, ಸೀಸೆಗಿಳಿಸು,
ಊರು ಬರೆ, ತಾರೀಕು ಬರೆ.

ಬಟ್ಟೆಗೆ ಅಂಚು ಹೊಲಿದುಕೊಟ್ಟವನು ಅಪ್ಪ,
ಶಿವಮೊಗ್ಗದ ಟೈಲರು. ಯಾರ ಅಳತೆ ಇದು ಎಂದು ಕೇಳಿದ್ದ.
ಸಾಗರದ ಬಸ್ಸಿನ ಕಂಡಕ್ಟರು ಕೇಳಿದ್ದು
ಹಾಸಿಗೆ ವ್ಯಾಪಾರವಾ ಅಕ್ಕ?
ಸರ್ವೀಸ್ ಪುಸ್ತಕದಲ್ಲಿ ನಾನು ಜುಲೇಖಾ.
ಕಾನುಗೋಡಿನವರ ಬಾಯಲ್ಲಿ ಮೊದಲ ವರ್ಷದಿಂದಲೂ
ಉಣುಗಿನ ಮೇಡಂ.

ಮೊದಲ ನೋಟ್‌ಬುಕ್ಕಿನಲ್ಲಿ ಮರಿ ಉಣುಗು
ಎಳ್ಳಮಾವಾಸ್ಯೆ ಕಳೆದ ಮೇಲೆ.
ಹನ್ನೊಂದನೆಯದರಲ್ಲಿ ದೀಪಾವಳಿಯ ಮರುದಿನ.
ಆಮೇಲೆ ಮಳೆಯೇ ತಾರೀಕು ಮರೆಯಿತು;
ಭೂಮಿ ಹುಣ್ಣಿಮೆಯ ನಸುಕಿನಲ್ಲಿ
ಹೆಂಗಸರು ಬುಟ್ಟಿ ಹೊತ್ತು ಗದ್ದೆಗೆ ಇಳಿಯುವಾಗ
ನಾನು ದಿಬ್ಬದ ಮೇಲೆ ಬಟ್ಟೆ ಮಗುಚಿದೆ.
ನಲವತ್ತಮೂರು.

ಪತ್ರ ಬರೆದೆ ಅಂದೇ.
ಸ್ವೀಕೃತಿಯ ಮೊಹರು ಬಿದ್ದದ್ದು ಫೆಬ್ರವರಿ ಹತ್ತಕ್ಕೆ.
ಹೂವಮ್ಮನ ಮೈದುನ ಬಂಗಾರಿಗೆ ಜ್ವರ ಬಂದದ್ದು ಜನವರಿಯಲ್ಲಿ,
ಹತ್ತೊಂಬತ್ತು ವರ್ಷ, ಕೊಟ್ಟಿಗೆಗೆ ದರಗು ತಂದಿದ್ದ.
ನೋಟ್‌ಬುಕ್ಕಿನ ಆ ಪುಟ ಸರಿಯಾಗಿಯೇ ಇದೆ.
ಒಂದು ಅಂಕಿಯೂ ತಪ್ಪಿಲ್ಲ.

ಹೂವಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗಿತ್ತು.
ಕೊಟ್ಟ ಎಣ್ಣೆಯ ಬಾಟಲಿ ಸೂರಿನಡಿ ಸಿಕ್ಕಿಸಿದ್ದಳು.
ಹಚ್ಚಿಕೊಂಡು ಹೋದರೆ ಎಮ್ಮೆ ಸೊರ ಬಿಡೋದಿಲ್ಲ, ವಾಸನೆಗೆ.
ಇದು ಯಾವ ಸಂಶೋಧನೆಯಲ್ಲೂ ಇರಲಿಲ್ಲ.
ಕರೆದಾದ ಮೇಲೆ ಹಚ್ಚು, ಬಂದು ಮಿಂದು ಕೊಟ್ಟಿಗೆಗೆ ಹೋಗು:
ಈ ಒಂದು ಮಾತು ಹೊಂದಿಸಲು
ನಮಗಿಬ್ಬರಿಗೂ ಎರಡು ಬೇಸಿಗೆ ಬೇಕಾಯಿತು.

ದೆಹಲಿಯಿಂದ ನಮೂನೆ ಬಂತು:
ಬದಲಾಗುವ ಹವಾಮಾನಕ್ಕೆ ಜನರ ಹೊಂದಾಣಿಕೆ,
ಐದು ಸಾಲು ಮೀರದಂತೆ ವಿವರಿಸಿ.
ಓದಿ ಹೇಳಿದೆ. ಹೂವಮ್ಮ ಕಸಬರಿಗೆ ಕೆಳಗಿಟ್ಟು ನಕ್ಕಳು.
ಲಗ್ನದ ದಿನ ನಮ್ಮವ್ವನೂ ಇದನ್ನೇ ಹೇಳಿ ಕಳಿಸಿದ್ಲು.
ನಾನು ಎರಡೇ ಸಾಲು ಬರೆದೆ:
ಎಣ್ಣೆ ಸೆಪ್ಟೆಂಬರಿಗೆ ತಲುಪಬೇಕು.
ಎಮ್ಮೆಗಳನ್ನೂ ಕೇಳಬೇಕು.
ಎರಡನೆಯದನ್ನು ಮೇಲಿನವರು ಹೊಡೆದುಹಾಕಿದರು.

ಇವತ್ತು ಕೊನೆಯ ದಿನ.
ಹೊಸನಗರದ ಹುಡುಗಿ ಪ್ರೇಕ್ಷಾ ಹಗ್ಗ ಹಿಡಿದಿದ್ದಾಳೆ,
ಸೊಂಟದಲ್ಲಿ ತೇವ ಅಳೆಯುವ ಯಂತ್ರ, ಕಾಲಿಗೆ ನನ್ನ ಹಳೇ ಬೂಟು.
ಎಂಟಕ್ಕೇ ನಿಂತಳು.
ಹತ್ತು, ಎಂದೆ, ಲೆಕ್ಕ ತಪ್ಪುತ್ತದೆ.
ಟೇಪು ಹಿಡಿದು ನೋಡಿದೀನಿ ಮೇಡಂ,
ನನ್ನ ಎಂಟು ನಿಮ್ಮ ಹತ್ತು, ಎಂದು
ಬಟ್ಟೆ ಮಗುಚಿದಳು.