ನಾಲ್ಕು ಗಂಟೆಯ ಬೆಳಕು

ಸೊಳ್ಳೆಬತ್ತಿ ಉರುಳಿಬಿತ್ತು ಅಂದರು
ಹೊಸಲೈನ್ ರಸ್ತೆಯ ವನಮಾಲಮ್ಮ.
ಹೂಂ ಅಂದೆ.
ಬತ್ತಿ ಸುಟ್ಟರೆ ಸುರುಳಿ ಗುರುತು ಬೀಳುತ್ತೆ.
ಇದು ಚೌಕ. ಅಂಗೈಯಗಲ.
ನಡುವೆ ಕಪ್ಪು, ಅಂಚಿಗೆ ಗುಳ್ಳೆಯೆದ್ದ ಅರಗು.

ಮೂವತ್ತೊಂದು ವರ್ಷದ ಪಾಲಿಶ್ ಕೈ ನನ್ನದು.
ಕಲೆ ತೋರಿಸುವಾಗ ನಿಜ ಹೇಳಿದವರು
ಒಬ್ಬರೋ ಇಬ್ಬರೋ.
ಹಾಲಿನ ಲೋಟ ಅಂತಾರೆ, ಬಾಟಲಿ ತಳ ಇರುತ್ತೆ.
ಬೆಕ್ಕು ಪರಚಿತು ಅಂತಾರೆ,
ಗೀರು ನೋಡಿದರೆ ಉಂಗುರದ್ದು.
ಮರ ಚಾಡಿ ಹೇಳುತ್ತೆ. ನಾನು ಹೇಳೋಲ್ಲ.
ಕೂಲಿ ಕೊಡೋದು ಕಲೆಗೆ.

ತೇಗದ ಮೇಜು, ಅವರ ಮಾವ ಅಮಲ್ದಾರರಾಗಿದ್ದಾಗ ಮಾಡಿಸಿದ್ದಂತೆ,
ಎತ್ತಲು ನಾಲ್ಕು ಆಳು.
ಅಂಗಳಕ್ಕೆ ತಂದು ಬಿಸಿಲಿಗೆ ಕಾದೆ.
ಮಾಘದಲ್ಲಿ ಹಾಸನದ ಹೊತ್ತು
ಹತ್ತಾದರೂ ಕಂಬಳಿ ಬಿಡೋಲ್ಲ,
ಥಂಡಿಯಲ್ಲಿ ಅರಗು ಎಳೆದರೆ
ವಿಭೂತಿ ಬಳಿದಂಗೆ ಬೆಳ್ಳಗಾಗುತ್ತೆ.
ಕಾಫಿ ಕೊಟ್ಟರು. ಲೋಟ ನೆಲಕ್ಕೇ ಇಟ್ಟೆ.
ಮೇಜಿನ ಮೇಲಿಡೋ ಧೈರ್ಯ ಇಬ್ಬರಿಗೂ ಇರಲಿಲ್ಲ.

ಚಾಕುವಿನ ಬೆನ್ನಲ್ಲಿ ಕಪ್ಪು ಹೆರೆದೆ.
ಪುಡಿಯೊಳಗೆ ಒಂದು ಚೂರು ನೀಲಿ:
ಇನ್‌ಲ್ಯಾಂಡ್ ಕಾಗದದ ಮೂಲೆ,
ಕರಗಿದ ಅರಗಲ್ಲಿ ಹೂತು ಉರಿಯದೆ ಉಳಿದದ್ದು.
ಅದರ ಮೇಲೆ, ನನಗೆ ತಲೆಕೆಳಗಾಗಿ, ಎರಡಕ್ಷರ.
ಕನ್ನಡಕ ಜೇಬಲ್ಲಿತ್ತು.
ಅಲ್ಲೇ ಇರಲಿ ಅಂದುಕೊಂಡೆ.
ಉಪ್ಪುಕಾಗದ ಮಡಚಿ ಉಜ್ಜಿದೆ.
ಉಪ್ಪುಕಾಗದಕ್ಕೆ ಓದು ಬರೋಲ್ಲ.

ಆಮೇಲೆ ಬಣ್ಣ. ಕಷ್ಟ ಇರೋದು ಇಲ್ಲಿ.
ಹಳೇ ತೇಗಕ್ಕೆ ಡಬ್ಬಿ ಬಣ್ಣ ಒಗ್ಗೋಲ್ಲ.
ಕೆಮ್ಮಣ್ಣು ಒಂದು ಚಿಟಿಕೆ, ದೀಪದ ಮಸಿ ಅದಕ್ಕಿಂತ ಕಮ್ಮಿ,
ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ತಂದ ಹಳದಿ ಪುಡಿ,
ಸ್ಪಿರಿಟ್ಟಲ್ಲಿ ಕಲಸಿ, ಉಗುರ ಮೇಲೆ ಹಚ್ಚಿ ನೋಡಿ,
ಮತ್ತೆ ಅಳಿಸಿ, ಮತ್ತೆ ಕಲಸಿ,
ಅಳಿಲುಬಾಲದ ಕುಂಚ ಹಿಡಿದು ನಾರು ನಾರಾಗಿ ಎಳೆದೆ
ಮರ ಬರೆಯದ ಗೆರೆ, ಮರದ ಕೈಬರಹದಲ್ಲಿ.

ಹತ್ತಿ ಉಂಡೆಗೆ ಹಳೇ ಪಂಚೆ ಸುತ್ತಿ
ಅರಗಿನ ನೀರು, ತೊಟ್ಟು ಎಣ್ಣೆ,
ಇಂಗ್ಲಿಷ್ ಎಂಟು ಬರೆದಂಗೆ, ಎಂಟರ ಮೇಲೆ ಎಂಟು,
ಕೈ ನಿಂತರೆ ಅಂಟುತ್ತೆ,
ನಿಲ್ಲಿಸಬಾರದು
ಮಾತಾಡಬಾರದು
ಅವರು ಬಾಗಿಲಲ್ಲಿ ನಿಂತು ಮೂರು ದಿನವೂ ನೋಡಿದರು.

ಕೊನೇ ದಿನ ಯಜಮಾನರು ಬಂದು ಕೈಯಾಡಿಸಿ
ಎಲ್ಲಿತ್ತಪ್ಪಾ ಆ ಸುಟ್ಟ ಗುರುತು, ಅಂದರು.
ತೋರಿಸಲಿಲ್ಲ. ದುಡ್ಡು ಎಣಿಸಿಕೊಂಡೆ.

ಚೀಲ ಕಟ್ಟುವಾಗ ಅಮ್ಮನಿಗೆ ಮಾತ್ರ ಹೇಳಿದೆ,
ಹೇಳದೆ ಹೋದರೆ ಕಸುಬಿಗೆ ಮೋಸ:
ಪಡುವಣ ಕಿಟಕಿಯಿಂದ ನಾಲ್ಕು ಗಂಟೆಗೆ
ಬಿಸಿಲು ಅಡ್ಡ ಬೀಳುತ್ತಲ್ಲ, ಆಗ ಕಾಣುತ್ತೆ.
ತೆಳ್ಳಗೆ, ಚೌಕವಾಗಿ, ಒಂದು ಕಾಲುಗಂಟೆ.
ಬೇಕಿದ್ದರೆ ಅಷ್ಟು ಹೊತ್ತು ಪೇಪರ್ ಹಾಸಿಬಿಡಿ.

ಅವರು ಕಿಟಕಿ ಕಡೆ ನೋಡಿದರು.
ಆ ಹೊತ್ತಲ್ಲಿ ಮನೇಲಿ
ನಾನೊಬ್ಬಳೇ ಇರೋದು, ಅಂದರು.
ಇರಲಿ ಬುಡಿ.